ಸತ್ಯಾಂಶ: ಹಲ್ಲು ತೋರಿಸೋಕೆ ಪ್ರಜ್ಞೆ ತಪ್ಪಿಸಲೇಬೇಕಾ?

"ಆಟಿಸಂ, ಡೌನ್ ಸಿಂಡ್ರೋಮ್ ಇರುವವರಿಗೆ ಪೂರ್ತಿ ಅರಿವಳಿಕೆ ಕೊಡದೆ ಹಲ್ಲಿನ ಚಿಕಿತ್ಸೆ ಆಗಲ್ಲ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ನಿಜವಲ್ಲ.

ಹಲವರಿಗೆ ಸಮಯ ಮತ್ತು ತಾಳ್ಮೆಯೇ ಸಾಕು. ಮೊದಲು ಹೇಳು, ಆಮೇಲೆ ತೋರಿಸು, ನಂತರ ಮಾಡು ಎಂಬ ವಿಧಾನ 1959ರಷ್ಟು ಹಳೆಯದು. ಪುಟ್ಟ ಕನ್ನಡಿಯನ್ನು ಮೊದಲು ಕೈಗೆ ಕೊಡುತ್ತಾರೆ, ಉಗುರಿಗೆ ತಾಗಿಸುತ್ತಾರೆ, ಕೊನೆಗೆ ಬಾಯಿಗೆ. ಮೊದಲ ಸಲ ಸುಮ್ನೆ ಕುರ್ಚಿಯಲ್ಲಿ ಕೂತು ಬಂದರೂ ಅದು ಮುನ್ನಡೆಯೇ ಅಲ್ವಾ? ಡ್ರಿಲ್ ಸದ್ದಿಗೆ ಹೆದರುವವರಿಗೆ ಹೆಡ್‌ಫೋನ್, ಕಣ್ಣು ಕುಕ್ಕುವ ಲೈಟಿಗೆ ಕಪ್ಪು ಕನ್ನಡಕ. ಜನ ಕಡಿಮೆ ಇರುವ ಹೊತ್ತನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ.

ಹಾಗಂತ ಅರಿವಳಿಕೆ ಕೆಟ್ಟದ್ದಲ್ಲ. ಹುಳುಕು ಜಾಸ್ತಿ ಇದ್ದು, ಬೇರೆ ದಾರಿ ಫಲಿಸದಿದ್ದಾಗ ಅದೇ ಸರಿ. ಅದಕ್ಕೆ ಹೆದರಿ ತಪಾಸಣೆ ಮುಂದೂಡಬೇಡಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ವಸಡಿನ ರೋಗ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳಬಹುದು.