ಬೆನ್ನ ಮೇಲೆ ಎಂಟು ಗ್ರಹಣ

ಮೊದಲೆಲ್ಲ ಯಾರದಾದರೂ ಮೈಮೇಲೆ ನೇರಳೆ ಕಲೆ ಕಂಡರೆ "ಎಲ್ಲಿ ಬಿದ್ದಿರಿ?" ಎಂದು ಕೇಳುತ್ತಿದ್ದೆವು. ಈಗ "ಎಲ್ಲಿ ಮಾಡಿಸಿದಿರಿ?" ಎಂದು ಕೇಳುತ್ತೇವೆ. ಮೈಮೇಲೆ ಬಟ್ಟಲು ಕವುಚಿ ಗಾಳಿ ಎಳೆದು ನೋವು ಕಳೆಯುತ್ತೇವೆನ್ನುವ ಕಪ್ಪಿಂಗ್ ಬಂದ ಮೇಲೆ ಬಾಸುಂಡೆಗೂ ಒಂದು ಅಂತಸ್ತು ಬಂದಿದೆ.

ಭುಜನೋವೆಂದು ನಾನೂ ಹೋದೆ. ಮೂರನೇ ಮಹಡಿ, ಲಿಫ್ಟಿನಲ್ಲಿ. ಒಳಗೆ ಅಗರಬತ್ತಿ, ಕೊಳಲಿನ ನಾದ, ಗೋಡೆಯ ಮೇಲೆ ಅಮೆರಿಕದ ಈಜುಗಾರ ಮೈಕೇಲ್ ಫೆಲ್ಪ್ಸ್‌ನ ಚಿತ್ರ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆತ ಭುಜದ ತುಂಬ ನೇರಳೆ ವೃತ್ತಗಳನ್ನು ಹೊತ್ತು ಕೊಳಕ್ಕಿಳಿದು 5 ಚಿನ್ನ ಗೆದ್ದ. ಅದಕ್ಕೂ ಮೊದಲೇ ಅವನ ಬಳಿ 18 ಚಿನ್ನಗಳಿದ್ದವು ಎಂಬುದನ್ನು ಗೋಡೆ ಹೇಳುತ್ತಿರಲಿಲ್ಲ. ಆತ ಈಜಿದ್ದನ್ನು ನೋಡಿ ಜಗತ್ತು ಬಟ್ಟಲು ಕೊಂಡಿತು.

"ಸರ್, ನಿಮ್ಮ ಸ್ನಾಯುಗಳಿಗೆ ಆಮ್ಲಜನಕವೇ ಸಿಗುತ್ತಿಲ್ಲ" ಎಂದ ಅಲ್ಲಿನ ತರುಣ, ಭುಜ ಒತ್ತಿ ನೋಡಿ. ಇದನ್ನು ಅಳೆಯಲು ಬೇರೆಯವರಿಗೆ ಯಂತ್ರ ಬೇಕು. ಇವನಿಗೆ ಹೆಬ್ಬೆರಳು ಸಾಕಾಯಿತು. ಆದರೆ ಸುಮ್ಮನೆ ಕೂತ ದೇಹ ರಕ್ತ ಹೊತ್ತು ತಂದ ಆಮ್ಲಜನಕದಲ್ಲಿ ಹೆಚ್ಚುಕಡಿಮೆ ಕಾಲು ಪಾಲನ್ನಷ್ಟೇ ಇಳಿಸಿಕೊಳ್ಳುತ್ತದೆ. ಉಳಿದ ಮುಕ್ಕಾಲು ಪಾಲು, ಗಿರಾಕಿ ಸಿಗದ ತರಕಾರಿ ಗಾಡಿಯಂತೆ, ಹೃದಯಕ್ಕೆ ವಾಪಸು.

ಎಂಟು ಬಟ್ಟಲು ಕೂರಿಸಿ ಪಂಪಿನಿಂದ ಗಾಳಿ ಎಳೆದ. ಚರ್ಮ ಪೂರಿಯಂತೆ ಉಬ್ಬಿತು. ಒಳಗಿನ ಒತ್ತಡ ಇಳಿದಾಗ ರಕ್ತ ಚರ್ಮದ ಕಡೆ ನುಗ್ಗುವುದು ನಿಜ. ಬಟ್ಟಲು ತೆಗೆದ ಮೇಲೆ ಆ ಜಾಗದಲ್ಲಿ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಲ ಹೊತ್ತು ಏರುವುದನ್ನು ಅಳೆದು ತೋರಿಸಿದವರೂ ಇದ್ದಾರೆ. ಆದರೆ ಗಿರಾಕಿ ಕನ್ನಡಿಯಲ್ಲಿ ನೋಡಿ ಹಿಗ್ಗುವ ಆ ಕಲೆ? ಅದು ಕೂದಲಿಗಿಂತ ತೆಳುವಾದ ರಕ್ತನಾಳಗಳು ಒಡೆದು ಹೊರಗೆ ಸೋರಿದ ರಕ್ತ. ನಾಳ ಬಿಟ್ಟ ರಕ್ತ ಯಾವ ಸ್ನಾಯುವಿಗೂ ಏನನ್ನೂ ಒಯ್ಯುವುದಿಲ್ಲ. ಪೈಪು ಒಡೆದು ಬೀದಿಯಲ್ಲಿ ನಿಂತ ನೀರನ್ನು ತೋರಿಸಿ "ನಿಮ್ಮ ಬಡಾವಣೆಗೆ ನೀರಿನ ಪೂರೈಕೆ ಹೆಚ್ಚಿಸಿದ್ದೇವೆ" ಎಂದು ಇಂಜಿನಿಯರು ಹೇಳಿದ ಹಾಗಾಯಿತು.

ಬಣ್ಣದ ಶಾಸ್ತ್ರ ಬೇರೆ. ಕಡುನೇರಳೆಯಾದರೆ ವಿಷ ಬಹಳ ಇದೆ, ಇನ್ನೂ ನಾಲ್ಕು ಸಲ ಬರಬೇಕು. ತೆಳುವಾದರೆ ವಿಷ ಇಳಿಯುತ್ತಿದೆ, ಈಗ ನಿಲ್ಲಿಸಬಾರದು. ಪಂಪು ಎಷ್ಟು ಜೋರಾಗಿ ಎಳೆಯಿತು, ಬಟ್ಟಲು ಎಷ್ಟು ಹೊತ್ತು ಕೂತಿತು ಎಂಬುದರ ಮೇಲೂ ಬಣ್ಣ ನಿಂತಿದೆ. ಎರಡೂ ಅವನ ಕೈಯಲ್ಲೇ ಇವೆ. "ಯಾವ ವಿಷ?" ಎಂದು ಕೇಳಿದೆ. "ಟಾಕ್ಸಿನ್ ಸರ್" ಎಂದ.

ನಮ್ಮಜ್ಜಿಯೂ ಬೆನ್ನು ಹಿಡಿದುಕೊಂಡರೆ ಪುಟ್ಟ ದೀಪ ಹಚ್ಚಿಟ್ಟು ಮೇಲೆ ಲೋಟ ಕವುಚುತ್ತಿದ್ದಳು. ನೋವು ವಾಸಿಯಾಗುತ್ತಿತ್ತೋ, ಅಜ್ಜಿಗೆ ಹೆದರಿ ಓಡುತ್ತಿತ್ತೋ, ಅಂತೂ ಹೋಗುತ್ತಿತ್ತು. ಆಮ್ಲಜನಕದ ಹೆಸರನ್ನು ಆಕೆ ಎತ್ತಲಿಲ್ಲ. ಅದೇ ಲೋಟ ತೊಳೆದು ಕಾಫಿ ಕೊಡುತ್ತಿದ್ದಳು.

ಹಣ ತೆತ್ತು ಕೆಳಗಿಳಿದ ಮೇಲೆ ಮೊಬೈಲ್ ಮರೆತದ್ದು ನೆನಪಾಯಿತು. ಅಷ್ಟರಲ್ಲಿ ಕರೆಂಟ್ ಹೋಗಿ ಲಿಫ್ಟ್ ನಿಂತಿತ್ತು. ಮೂರು ಮಹಡಿ ಹತ್ತಿದೆ. ಚೆನ್ನಾಗಿ ದುಡಿಯುವ ಸ್ನಾಯುವಿಗೆ ವಿಶ್ರಾಂತಿಯಲ್ಲಿ ಇದ್ದಾಗಿನದಕ್ಕಿಂತ ಹದಿನೈದಿಪ್ಪತ್ತು ಪಟ್ಟು ರಕ್ತ ಹರಿಯಬಲ್ಲದು, ಬಟ್ಟಲಿಲ್ಲದೆ, ಬಿಲ್ಲಿಲ್ಲದೆ. ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ ನನ್ನನ್ನು ಕಂಡು ತರುಣನ ಮುಖ ಅರಳಿತು.

"ನೋಡಿದಿರಾ ಸರ್, ಆಗಲೇ ಮುಖ ಕೆಂಪಾಗಿದೆ. ನಮ್ಮ ಕಪ್ ಕೆಲಸ ಶುರುಮಾಡಿತು!"