ಎರಡು ಸುತ್ತಿನ ಬಾಲ

ಪಗ್ ನಾಯಿಮರಿ ನೋಡಲು ಹೋಗಿದ್ದೆ. ಮರಿ ಮಾಡಿಸಿ ಮಾರುವ ಬ್ರೀಡರ್ ಒಂದು ಫೈಲ್ ತಂದು ಮುಂದಿಟ್ಟರು.

"ಮರಿ ಎಲ್ಲಿ?" ಅಂದೆ.

"ಮೊದಲು ಪೇಪರ್ ನೋಡಿ ಸಾರ್. ಮರಿ ಎಲ್ಲಿಗೆ ಹೋಗುತ್ತೆ, ಇಲ್ಲೇ ಇರುತ್ತೆ."

ಐದು ತಲೆಮಾರಿನ ವಂಶಾವಳಿ. ನನ್ನ ಮುತ್ತಜ್ಜನ ಹೆಸರು ಕೇಳಿದರೆ ನಾನು ತಲೆ ಕೆರೆದುಕೊಳ್ಳುತ್ತೇನೆ. ಈ ಮರಿಯ ಮುತ್ತಜ್ಜ ಯಾವ್ಯಾವ ಡಾಗ್ ಶೋನಲ್ಲಿ ಗೆದ್ದ, ಯಾವ ವರ್ಷ ಗೆದ್ದ, ಎಲ್ಲ ಅಲ್ಲಿತ್ತು. ಗೆದ್ದವರ ಹೆಸರು ಕೆಂಪು ಶಾಯಿಯಲ್ಲಿ. ಒಂದೊಂದು ಹೆಸರೂ ರೈಲಿನಷ್ಟು ಉದ್ದ. ಓದುತ್ತಾ ಹೋದೆ. ಒಂದು ಕೆಂಪು ಹೆಸರು ಮೇಲುಗಡೆಯೂ ಇತ್ತು, ಕೆಳಗಡೆಯೂ ಇತ್ತು. ಮರಿಯ ಅಪ್ಪನ ಅಪ್ಪ ಅವನೇ. ಅಮ್ಮನ ಅಪ್ಪನೂ ಅವನೇ.

"ಇವರು ಎರಡೂ ಕಡೆ ಇದ್ದಾರಲ್ಲ?"

"ಅದು ಲೈನ್ ಬ್ರೀಡಿಂಗ್ ಸಾರ್. ಒಳ್ಳೇ ರಕ್ತ ನೋಡಿ, ಹೊರಗೆ ಹೋಗಬಾರದು ಅಂತ."

ಅಂದರೆ ಮರಿಯ ಅಪ್ಪ ಅಮ್ಮ ಒಂದೇ ತಂದೆಯ ಮಕ್ಕಳು. ತಳಿಶಾಸ್ತ್ರದವರು ಇದಕ್ಕೆ ಒಂದು ಲೆಕ್ಕ ಇಟ್ಟಿದ್ದಾರೆ: 12.5 ಪರ್ಸೆಂಟ್. ಸರಾಸರಿ ಎಂಟು ಜೀನ್ ಜೋಡಿಗಳಲ್ಲಿ ಒಂದು ಜೋಡಿಯ ಎರಡೂ ಪ್ರತಿ ಅಜ್ಜನ ಒಂದೇ ಜೀನಿನ ನಕಲು. ಅಜ್ಜನ ಮುದ್ದು ಮುಖವೂ ಡಬಲ್, ಅಜ್ಜನ ಜಾರುವ ಮಂಡಿಚಿಪ್ಪೂ ಡಬಲ್. ಮನುಷ್ಯರಲ್ಲಾದರೆ ಇಂಥ ಕಾಗದವನ್ನು ಬೀರುವಿನ ತಳದಲ್ಲಿ ಮುಚ್ಚಿಡುತ್ತಾರೆ. ಇವರು ಲ್ಯಾಮಿನೇಟ್ ಮಾಡಿಸಿದ್ದರು.

ಕೊನೆಗೂ ಮರಿ ಬಂತು. ಏಳು ವಾರದ್ದು. ಬ್ರೀಡರ್ ಅಂಗೈ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿತ್ತು. ಸಣ್ಣ ಪುಟ್ಟ ಗೊರಕೆ ಅಲ್ಲ, ರಿಟೈರ್ ಆದವರ ಗೊರಕೆ.

"ಎಷ್ಟು ಕ್ಯೂಟ್ ಅಲ್ವಾ ಸಾರ್?"

ಹತ್ತಿರದಿಂದ ನೋಡಿದೆ. ಮೂಗಿನ ಹೊಳ್ಳೆ ಅನ್ನುವುದು ಹೊಳ್ಳೆಯಾಗಿ ಇರಲಿಲ್ಲ. ಉಗುರಿನಲ್ಲಿ ಗೀರಿದ ಹಾಗೆ ಎರಡು ಗೆರೆ. ಪ್ರತಿ ಉಸಿರಿಗೂ ಆ ಗೆರೆಗಳು ಒಳಕ್ಕೆ ಎಳೆದುಕೊಳ್ಳುತ್ತಿದ್ದವು. ವಿಷಯ ಇಷ್ಟೇ. ಮುಖದ ಎಲುಬನ್ನು ತಲೆಮಾರಿನಿಂದ ತಲೆಮಾರಿಗೆ ಗಿಡ್ಡ ಮಾಡಿದರು. ಒಳಗಿನ ಮಾಂಸ, ಅಂಗುಳು, ನಾಲಿಗೆ ಅದೇ ಲೆಕ್ಕದಲ್ಲಿ ಗಿಡ್ಡ ಆಗಲಿಲ್ಲ. ಮೂರು ಕೋಣೆಯ ಮನೆಯ ಸಾಮಾನನ್ನೆಲ್ಲ ಒಂದೇ ಕೋಣೆಗೆ ತುಂಬಿದ ಹಾಗೆ. ಗಾಳಿ ಓಡಾಡಲು ಜಾಗ ಎಲ್ಲಿ? ಅಂಗುಳು ಗಂಟಲಿಗೆ ಅಡ್ಡ ಬಿದ್ದು ಅದುರುತ್ತದೆ. ನಾವು ಅದನ್ನು ವಿಡಿಯೋ ಮಾಡಿ, ಹಿಂದೆ ಒಂದು ಹಾಡು ಹಾಕುತ್ತೇವೆ.

ನಾಯಿಗೆ ಬೆವರುವ ಸೌಲಭ್ಯವೂ ಇಲ್ಲ. ಪಾದದಲ್ಲಿ ಒಂದಿಷ್ಟು ಬೆವರುತ್ತದೆ, ಅಷ್ಟೇ. ಮೈ ತಣ್ಣಗಾಗಬೇಕಾದರೆ ನಾಲಿಗೆ ಚಾಚಿ ಏದುಸಿರು ಬಿಡಬೇಕು. ಅದೇ ದಾರಿಗೆ ನಾವು ಗೋಡೆ ಕಟ್ಟಿದ್ದೇವೆ. ಹಾಗಾಗಿ ಇಂಥ ನಾಯಿ ಸಾಕುವವರಿಗೆ ಸಲಹೆಗಳು ಪುಟಗಟ್ಟಲೆ ಇವೆ. ಬಿಸಿಲಲ್ಲಿ ನಡೆಸಬೇಡಿ. ಕುತ್ತಿಗೆಗೆ ಪಟ್ಟಿ ಬೇಡ, ಹಾರ್ನೆಸ್ ಹಾಕಿ. ತೂಕ ಏರಲು ಬಿಡಬೇಡಿ. ಮುಖದ ಮಡಿಕೆಗಳನ್ನು ದಿನಾ ಒರೆಸಿ ಒಣಗಿಸಿ, ಇಲ್ಲವಾದರೆ ಕೊಳೆಯುತ್ತವೆ. ಕಣ್ಣು ಹೊರಗೆ ಚಾಚಿರುವುದರಿಂದ ಗೀರು ಬೀಳದಂತೆ ನೋಡಿಕೊಳ್ಳಿ. ಎಲ್ಲ ಸಲಹೆಯೂ ಸರಿ. ಮೂಗು ಬಿಟ್ಟು ಇನ್ನೆಲ್ಲ ಕೊಟ್ಟಿದ್ದೇವೆ.

"ಬಾಲ ನೋಡಿ ಸಾರ್," ಅಂದರು ಬ್ರೀಡರ್. "ಎರಡು ಸುತ್ತು ಇದೆ!"

ನಾಯಿ ಬಾಲ ಡೊಂಕು ಅಂತ ಗಾದೆ ಮಾಡಿದವರಿಗೆ ಅದು ಬೈಗುಳ ಆಗಿತ್ತು. ಪಗ್ ತಳಿಯ ಅಮೆರಿಕನ್ ಮಾನದಂಡದಲ್ಲಿ ಅದು ಅರ್ಹತೆ. ಬಾಲ ಸೊಂಟದ ಮೇಲೆ ಆದಷ್ಟು ಬಿಗಿಯಾಗಿ ಸುರುಳಿ ಸುತ್ತಿರಬೇಕು, ಎರಡು ಸುತ್ತಿದ್ದರೆ ಅದೇ ಪರಿಪೂರ್ಣತೆ ಅಂತ ಬರೆದಿಟ್ಟಿದ್ದಾರೆ. ಡೊಂಕಿನಲ್ಲೂ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್! ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ಗಳ ಸ್ಕ್ರೂ ಬಾಲದ ಕಥೆ ಇನ್ನೂ ಚೆಂದ. ಬಾಲದ ಎಲುಬು ತಿರುಚಿರುವ ನಾಯಿಗಳಲ್ಲಿ ಬೆನ್ನಿನ ಮಣಿಗಳೂ ಸೊಟ್ಟ ಇರುವುದು ಮಾಮೂಲು. ಆದರೆ ಬೆನ್ನಿನ ಮಣಿ ಕಾಣಬೇಕಾದರೆ ಎಕ್ಸ್‌ರೇ ಬೇಕು. ಡಾಗ್ ಶೋ ಜಡ್ಜ್ ಕೈಯಲ್ಲಿ ಎಕ್ಸ್‌ರೇ ಇರುವುದಿಲ್ಲ.

ಜಡ್ಜ್ ಅಂದಾಗ ಮೊದಲ ಶೋ ನೆನಪಾಗುತ್ತದೆ. 1859ರ ಜೂನ್‌ನಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆಯಿತು. ಬಂದಿದ್ದು ಪಾಯಿಂಟರ್ ಮತ್ತು ಸೆಟರ್ ಎರಡೇ ಬಗೆ ಬೇಟೆ ನಾಯಿ, ಒಟ್ಟು ಅರವತ್ತು. ಬಹುಮಾನ ಬಂದೂಕು. ಗೆದ್ದವರು ಯಾರು? ಪಾಯಿಂಟರ್ ವಿಭಾಗದಲ್ಲಿ, ಸೆಟರ್‌ಗಳಿಗೆ ತೀರ್ಪು ಕೊಟ್ಟವರ ನಾಯಿ. ಸೆಟರ್ ವಿಭಾಗದಲ್ಲಿ, ಪಾಯಿಂಟರ್‌ಗಳಿಗೆ ತೀರ್ಪು ಕೊಟ್ಟವರ ನಾಯಿ. ನನಗೆ ನೀನು, ನಿನಗೆ ನಾನು. ಶೋ ಹುಟ್ಟಿದ ದಿನವೇ ಅದರ ಸಂಪ್ರದಾಯವೂ ಹುಟ್ಟಿತು ಅನ್ನಬಹುದು. ನಾಯಿಗಳು ಮಾತ್ರ ಬಂದೂಕು ತಗೊಂಡು ಏನು ಮಾಡಿದವೋ.

ಶೋ ರಿಂಗಿಗೆ ಇಳಿಯುವ ಆಸೆ ಇದ್ದವರಿಗೆ ಒಂದೆರಡು ಮಾತು ಹೇಳುತ್ತೇನೆ. ರಿಂಗಿನಲ್ಲಿ ನಾಯಿ ನಾಯಿಗಳ ನಡುವೆ ಸ್ಪರ್ಧೆ ಇರುವುದಿಲ್ಲ. ಒಂದೊಂದು ನಾಯಿಯನ್ನೂ ತಳಿಯ ಮಾನದಂಡದ ಪುಸ್ತಕದಲ್ಲಿರುವ, ಎಂದೂ ಹುಟ್ಟದ, ಊಟ ಮಾಡದ, ಕಾಲೆತ್ತದ ಒಂದು ನಾಯಿಗೆ ಹೋಲಿಸುತ್ತಾರೆ. ಆದ್ದರಿಂದ ನಿಮ್ಮ ನಾಯಿ ಕಲಿಯಬೇಕಾದ ಮೊದಲ ವಿದ್ಯೆ, ಅಲುಗಾಡದೆ ನಿಲ್ಲುವುದು. ಇದಕ್ಕೆ ಸ್ಟ್ಯಾಕಿಂಗ್ ಅಂತಾರೆ. ಮುಂಗಾಲು ನೇರ, ಹಿಂಗಾಲು ಹಿಂದಕ್ಕೆ, ಕುತ್ತಿಗೆ ಮೇಲಕ್ಕೆ. ಅಪರಿಚಿತರು ಬಂದು ತುಟಿ ಎತ್ತಿ ಹಲ್ಲು ಎಣಿಸುತ್ತಾರೆ. ಗಂಡಾದರೆ ಹಿಂದೆ ಹೋಗಿ ಬೀಜ ಎರಡೂ ಇಳಿದಿವೆಯಾ ಅಂತ ಮುಟ್ಟಿ ನೋಡುತ್ತಾರೆ. ಅಷ್ಟಾದರೂ ನಾಯಿ ಬಾಲ ಆಡಿಸುತ್ತಾ ನಿಲ್ಲಬೇಕು. ಅದು ನಿಲ್ಲುತ್ತದೆ ಕೂಡ. ಇಡೀ ರಿಂಗಿನಲ್ಲಿ ಸಭ್ಯತೆ ಕಲಿತಿರುವುದು ಅದೊಂದೇ.

ಪೂಡಲ್ ಇದ್ದರೆ ಹೇರ್‌ಸ್ಪ್ರೇಗೆ ಬೇರೆ ಬಜೆಟ್ ಇಡಿ. ಪಾಪ, ಅದು ನೀರಿಗೆ ಧುಮುಕಿ ಬೇಟೆ ಬಾತುಗಳನ್ನು ತರುತ್ತಿದ್ದ ಕೆಲಸದ ನಾಯಿ. ಈಜಲು ಹಗುರಾಗಲಿ ಅಂತ ಹಿಂಬದಿ ಬೋಳಿಸಿ, ಎದೆ ಮತ್ತು ಕೀಲುಗಳು ಬೆಚ್ಚಗಿರಲಿ ಅಂತ ಅಲ್ಲಲ್ಲಿ ಕೂದಲು ಬಿಡುತ್ತಿದ್ದರಂತೆ. ಈಗ ಅದೇ ಕ್ರಾಪಿಗೆ ಗಂಟೆಗಟ್ಟಲೆ ಬಾಚಣಿಗೆ. ಮಳೆ ಹನಿ ಬಿದ್ದರೆ ಹ್ಯಾಂಡ್ಲರ್ ಕೊಡೆ ಹಿಡಿಯುತ್ತಾರೆ, ನೀರಿನ ನಾಯಿಗೆ.

ಗೆದ್ದ ಮೇಲೂ ಸಮಸ್ಯೆ ತಪ್ಪಲ್ಲ. 2003ರಲ್ಲಿ ಬ್ರಿಟನ್ನಿನ ಕ್ರಫ್ಟ್ಸ್‌ನಲ್ಲಿ, ಜಗತ್ತಿನ ಅತಿ ಹೆಸರುವಾಸಿ ಶೋನಲ್ಲಿ, ಎಲ್ಲ ನಾಯಿಗಳನ್ನು ಮೀರಿಸಿ ಗೆದ್ದದ್ದು ಚಪ್ಪಟೆ ಮೂತಿಯ ಒಂದು ಪೆಕಿನೀಸ್. ಫೋಟೋ ತೆಗೆಯುವಾಗ ಚಾಂಪಿಯನ್ ಐಸ್ ಪ್ಯಾಕ್ ಮೇಲೆ ಕೂತಿತ್ತು. ಓಟದಲ್ಲಿ ಗೆದ್ದವನನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಪದಕ ತೊಡಿಸಿದ ಹಾಗೆ. 2012ರಲ್ಲಿ ಅಲ್ಲೇ ಒಂದು ಹೊಸ ನಿಯಮ ಬಂತು. ತೊಂದರೆ ಜಾಸ್ತಿ ಇರುವ ಹದಿನೈದು ತಳಿಗಳಲ್ಲಿ, ತಳಿಯ ಅತ್ಯುತ್ತಮ ನಾಯಿ ಅಂತ ಗೆದ್ದದ್ದನ್ನು ವೆಟ್, ಅಂದರೆ ಪಶುವೈದ್ಯ, ಒಮ್ಮೆ ನೋಡಬೇಕು. ಆರು ನಾಯಿ ಫೇಲಾದವು. ಬುಲ್‌ಡಾಗ್, ಪೆಕಿನೀಸ್, ಬ್ಯಾಸೆಟ್ ಹೌಂಡ್ ಎಲ್ಲ. ಹಾಗಾದರೆ ಏನಾಯ್ತು? ಮಾಲೀಕರು ಕೆಂಡವಾದರು. ನಾಯಿಯ ಮೇಲಲ್ಲ, ಪುಸ್ತಕದ ಮೇಲೂ ಅಲ್ಲ. ವೆಟ್ ಮೇಲೆ. ಗೆದ್ದ ನಾಯಿಗೆ ಕಾಯಿಲೆ ಇದೆ ಅಂತ ಹೇಳಲು ಅವನ್ಯಾರು?

ಆಮೇಲೆ ಉಸಿರಾಟಕ್ಕೂ ಪರೀಕ್ಷೆ ಬಂತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಜೊತೆ ಸೇರಿ ತಳಿ ನಾಯಿಗಳ ದಾಖಲೆ ಇಡುವ ಬ್ರಿಟನ್ನಿನ ಕೆನಲ್ ಕ್ಲಬ್ 2019ರಲ್ಲಿ ಶುರು ಮಾಡಿತು. ನಾಯಿಯನ್ನು ಮೂರು ನಿಮಿಷ ಸಣ್ಣಗೆ ಓಡಿಸಿ, ಆಮೇಲೆ ಗಂಟಲಿಗೆ ಸ್ಟೆತಸ್ಕೋಪ್ ಇಟ್ಟು ಕೇಳುವುದು. ಪರೀಕ್ಷೆ ಒಳ್ಳೆಯದೇ, ಮರಿ ಮಾಡಿಸುವವರೆಲ್ಲ ಮಾಡಿಸಬೇಕು. ಆದರೂ ಯೋಚನೆ ಮಾಡಿ. ತೋಳದ ವಂಶದ ಪ್ರಾಣಿ ಮೂರು ನಿಮಿಷ ಓಡಬಲ್ಲದೇ ಅಂತ ವಿಶ್ವವಿದ್ಯಾಲಯ ನೋಡಬೇಕಾಗಿ ಬಂತು. ಮೂತಿ ತೀರಾ ಗಿಡ್ಡ ಇರುವ ನಾಯಿಗಳಿಂದ ಮರಿ ಮಾಡಿಸುವಂತಿಲ್ಲ ಅಂತ ನೆದರ್‌ಲ್ಯಾಂಡ್ಸ್‌ನಲ್ಲಿ ಅಳತೆ ಹಾಕಿ ನಿಯಮ ತಂದರು. ನಾಯಿಗೆ ಮೂಗಿರಬೇಕು ಅನ್ನುವುದಕ್ಕೂ ಸರ್ಕಾರವೇ ಬರಬೇಕಾಯ್ತು.

ಆದರೆ ಶುದ್ಧ ರಕ್ತದ ಹುಚ್ಚಿನ ಪೂರ್ತಿ ರುಚಿ ನೋಡಬೇಕಾದರೆ ಡಾಲ್ಮೇಷಿಯನ್ ಕಥೆ ಕೇಳಬೇಕು. ಚುಕ್ಕಿ ಚುಕ್ಕಿ ನಾಯಿ. ಒಳಗಿನ ಒಂದು ಜೀನ್ ಕೈಕೊಟ್ಟಿದ್ದರಿಂದ ಮೂತ್ರದಲ್ಲಿ ಯೂರಿಕ್ ಆಸಿಡ್ ಜಾಸ್ತಿ, ಅದು ಕಲ್ಲಾಗಿ ಕಟ್ಟಿಕೊಳ್ಳುತ್ತದೆ. ಶುದ್ಧ ತಳಿಯಲ್ಲಿ ಎಲ್ಲಕ್ಕೂ ಅದೇ ಕೆಟ್ಟ ಜೀನ್, ಒಳ್ಳೆಯದು ಒಂದರಲ್ಲೂ ಉಳಿದಿರಲಿಲ್ಲ. ಅಮೆರಿಕದ ರಾಬರ್ಟ್ ಶೈಬಲ್ ಎಂಬ ತಳಿವಿಜ್ಞಾನಿ 1973ರಲ್ಲಿ ಒಂದೇ ಒಂದು ಸಲ ಪಾಯಿಂಟರ್ ಜೊತೆ ಕೂಡಿಸಿದರು. ಆಮೇಲೆ ಪ್ರತಿ ತಲೆಮಾರಿನಲ್ಲೂ ಡಾಲ್ಮೇಷಿಯನ್ ಜೊತೆಗೇ ಕೂಡಿಸುತ್ತಾ ಬಂದರು. ಒಳ್ಳೆಯ ಜೀನ್ ಉಳಿಯಿತು, ಚುಕ್ಕಿಯೂ ಉಳಿಯಿತು, ಕಲ್ಲಿನ ಕಾಟ ಹೋಯಿತು. 1981ರಲ್ಲಿ ಅಂಥ ಎರಡು ನಾಯಿಗಳನ್ನು ಅಮೆರಿಕನ್ ಕೆನಲ್ ಕ್ಲಬ್ ದಾಖಲಿಸಿಕೊಂಡಿತು. ತಳಿ ಕ್ಲಬ್ಬಿನವರು ಎದ್ದು ನಿಂತರು. ಇದು ಶುದ್ಧ ಅಲ್ಲ, ಇದರ ಪೂರ್ವಜರಲ್ಲಿ ಒಬ್ಬ ಬೇರೆ ಜಾತಿ! ಬಾಗಿಲು ಮುಚ್ಚಿತು. ಮತ್ತೆ ತೆರೆದದ್ದು 2011ರಲ್ಲಿ. ಮೂವತ್ತು ವರ್ಷ. ಅಷ್ಟೂ ಕಾಲ ಸದಸ್ಯರ ಕೈಯಲ್ಲಿ ಶುದ್ಧ ರಕ್ತದ ಸರ್ಟಿಫಿಕೇಟು, ನಾಯಿಯ ಮೂತ್ರಕೋಶದಲ್ಲಿ ಕಲ್ಲು. ಬೇರೆ ಜಾತಿ ಅಂದ ಕೂಡಲೇ ಮೂಗು ಮುರಿಯುವ ಈ ದನಿ ನನಗೆ ಎಲ್ಲೋ ಕೇಳಿದ ಹಾಗಿದೆ. ಇರಲಿ, ನಾಯಿ ವಿಷಯಕ್ಕೆ ಬರೋಣ.

ಹಾಗಂತ ಬೆರಕೆಯಾದರೆ ಎಲ್ಲ ಸರಿ ಅಂತಲೂ ಇಲ್ಲ. 1989ರಲ್ಲಿ ಆಸ್ಟ್ರೇಲಿಯಾದಲ್ಲಿ ಅಂಧರಿಗೆ ನಾಯಿ ಒದಗಿಸುವ ಸಂಸ್ಥೆಯ ವಾಲಿ ಕಾನ್ರನ್ ಲ್ಯಾಬ್ರಡಾರ್‌ಗೂ ಪೂಡಲ್‌ಗೂ ಮರಿ ಮಾಡಿಸಿದರು. ಕಣ್ಣು ಕಾಣದ ಒಬ್ಬ ಮಹಿಳೆಗೆ ದಾರಿ ತೋರುವ ನಾಯಿ ಬೇಕಿತ್ತು, ಗಂಡನಿಗೆ ನಾಯಿ ಕೂದಲು ಆಗುತ್ತಿರಲಿಲ್ಲ. ಮರಿಗಳನ್ನು ಬೆಳೆಸಿಕೊಡಲು ಮನೆ ಹುಡುಕಿದರೆ ಯಾರೂ ಒಪ್ಪಲಿಲ್ಲ, ಬೆರಕೆ ಅಂತ. ಲ್ಯಾಬ್ರಡೂಡಲ್ ಅಂತ ಒಂದು ಹೆಸರಿಟ್ಟು ಪತ್ರಿಕೆಗೆ ಸುದ್ದಿ ಕೊಟ್ಟರು. ಫೋನು ನಿಲ್ಲಲೇ ಇಲ್ಲ! ನಾಯಿ ಅದೇ, ಹೆಸರು ಹೊಸದು. ಆಮೇಲೆ ಸಿಕ್ಕಸಿಕ್ಕವರೆಲ್ಲ ಕೈಗೆ ಸಿಕ್ಕ ನಾಯಿಗಳನ್ನು ಪೂಡಲ್ ಜೊತೆ ಕೂಡಿಸಿ 'ಡೂಡಲ್' ಅಂತ ಬಾಲಂಗೋಚಿ ಅಂಟಿಸಿ ಮಾರಿದ್ದು ನೋಡಿ, ಯಾಕಾದರೂ ಶುರು ಮಾಡಿದೆನೋ ಅಂತ ಅವರೇ ಬೇಸರಪಟ್ಟುಕೊಂಡರು.

ನನ್ನ ಬ್ರೀಡರ್ ಹತ್ತಿರ ವಾಪಸ್ ಬರುತ್ತೇನೆ. ಕಲಿತದ್ದನ್ನೆಲ್ಲ ನೆನಪಿಸಿಕೊಂಡು ಪ್ರಶ್ನೆ ಕೇಳಿದೆ. ಮಂಡಿಚಿಪ್ಪು ಪರೀಕ್ಷೆ ಆಗಿದೆಯಾ? ಉಸಿರಾಟದ ರಿಪೋರ್ಟ್?

"ಚಾಂಪಿಯನ್ ಲೈನ್ ಸಾರ್, ಅದೆಲ್ಲ ಯಾಕೆ? ಇದು ಶೋ ಕ್ವಾಲಿಟಿ. ನಿಮಗೆ ಕಮ್ಮಿಗೆ ಬೇಕಾದರೆ ಪೆಟ್ ಕ್ವಾಲಿಟಿ ಒಂದಿದೆ."

"ಅದಕ್ಕೇನಾಗಿದೆ?"

"ಮೂಗು ಸ್ವಲ್ಪ ಉದ್ದ ಬಂದುಬಿಟ್ಟಿದೆ."

ಎಂಟು ವಾರ ತುಂಬುವ ತನಕ ಮರಿ ತಾಯಿ ಹತ್ತಿರವೇ ಇರಬೇಕು, ತಾಯಿಯನ್ನು ನೋಡದೆ ಮರಿ ತರಬಾರದು ಅಂತ ತಿಳಿದವರು ಹೇಳಿದ್ದರು. ತಾಯಿಯನ್ನು ತೋರಿಸಿ ಅಂದೆ. ಒಳಗಿನಿಂದ ನಿಧಾನಕ್ಕೆ ಬಂತು. ಹತ್ತು ಹೆಜ್ಜೆ ಇರಬಹುದು, ಅಷ್ಟಕ್ಕೇ ಸುಸ್ತು. ಹೊಟ್ಟೆಯ ಬೋಳಿಸಿದ ಜಾಗದಲ್ಲಿ ಕೂದಲು ಇನ್ನೂ ಕುಚ್ಚು ಕುಚ್ಚಾಗಿ ಬೆಳೆಯುತ್ತಿತ್ತು, ನಡುವೆ ಹೊಲಿಗೆಯ ಗೆರೆ.

"ಸಿಸೇರಿಯನ್ನಾ?"

"ಮೂರನೇದು ಸಾರ್."

"ನಾರ್ಮಲ್ ಆಗಲ್ವಾ?"

"ಮರಿ ತಲೆ ದಪ್ಪ ಇರಬೇಕಲ್ವಾ ಸಾರ್, ಸ್ಟ್ಯಾಂಡರ್ಡ್ ಹಾಗಿದೆ."

ಅವರು ಸುಳ್ಳು ಹೇಳಲಿಲ್ಲ. ಬ್ರಿಟನ್ನಿನ ಒಂದು ದೊಡ್ಡ ಸಮೀಕ್ಷೆಯಲ್ಲಿ ಬುಲ್‌ಡಾಗ್ ಹೆರಿಗೆಗಳಲ್ಲಿ 80 ಪರ್ಸೆಂಟಿಗೂ ಹೆಚ್ಚು ಸಿಸೇರಿಯನ್ ಆಗಿತ್ತು. ತಲೆ ದೊಡ್ಡದು ಮಾಡಿದರು, ಸೊಂಟ ಸಣ್ಣದು ಮಾಡಿದರು, ನಡುವೆ ಸರ್ಜನ್ ಬೇಕಾಯ್ತು.

ತಾಯಿ ನನ್ನ ಚಪ್ಪಲಿ ಮೂಸಿತು. ನೆಲದ ಮೇಲೆ ಇಟ್ಟಿದ್ದ ಲ್ಯಾಮಿನೇಟ್ ಹಾಳೆ ತಣ್ಣಗಿತ್ತೇನೋ, ಹೋಗಿ ಅದರ ಮೇಲೆ ಹೊಟ್ಟೆ ಊರಿ ಮಲಗಿತು. ಎರಡು ನಿಮಿಷದಲ್ಲಿ ಗೊರಕೆ.

"ಅಯ್ಯಯ್ಯೋ, ಪೇಪರ್!" ಬ್ರೀಡರ್ ಓಡಿ ಬಂದು ಅದನ್ನು ಪಕ್ಕಕ್ಕೆ ತಳ್ಳಿದರು. ಹಾಳೆ ಎತ್ತಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ನೋಡಿ, ಅಂಗಿಯಿಂದ ಒರೆಸಿದರು.

"ಏನೂ ಆಗಿಲ್ಲ ಸಾರ್," ಅಂದರು.