ಅಗಿಯಬೇಡಿ, ನುಂಗಿ

ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಯ ಊರಿಗೆ ಹೋದಾಗ ನಾನೊಂದು ತಪ್ಪು ಮಾಡಿದೆ. ಮುದ್ದೆಯನ್ನು ಅಗಿದೆ.

ಅವರದು ಮಂಡ್ಯದ ಕಡೆ. ನಾನು ಧಾರವಾಡದ ಕಡೆಯವನು, ಜೋಳದ ರೊಟ್ಟಿ ತಿಂದು ಬೆಳೆದವನು. ನಡುಮನೆಯಲ್ಲಿ ಸಾಲಾಗಿ ಊಟಕ್ಕೆ ಕೂತಿದ್ದೆವು. ತಟ್ಟೆಯಲ್ಲಿ ಹಬೆಯಾಡುವ ಮುದ್ದೆ, ಬಸ್ಸಾರು, ಪಕ್ಕದಲ್ಲಿ ಸೊಪ್ಪಿನ ಪಲ್ಯ. ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡು, ಅಭ್ಯಾಸದಂತೆ ದವಡೆ ಆಡಿಸಿದೆ. ಅದು ಹೋಗಿ ಹಲ್ಲಿಗೆ ಮೆತ್ತಿಕೊಂಡಿತು. ನಾಲಿಗೆಯಿಂದ ಬಿಡಿಸಲು ನೋಡಿದರೆ ಅಂಗುಳಕ್ಕೆ ಅಂಟಿತು. ಎದುರಿಗೆ ಕೂತಿದ್ದ ಚಿಕ್ಕ ಹುಡುಗನೊಬ್ಬ ಊಟ ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದ. ಕೊನೆಗೆ ತಡೆಯಲಾಗದೆ, "ಅಮ್ಮೋ, ಭಾವ ಹಿಟ್ಟು ಅಗೀತಾವ್ರೆ!" ಎಂದು ಕೂಗಿಬಿಟ್ಟ. ಇಡೀ ಸಾಲು ನನ್ನ ಕಡೆ ತಿರುಗಿತು. ನಗದೆ ಇದ್ದವರು ಮಾವ ಒಬ್ಬರೇ. "ಅಗೀಬ್ಯಾಡಿ ಅಳಿಯಂದ್ರೇ, ಸಾರಿಗೆ ಅದ್ದಿ ನುಂಗಿ" ಎಂದರು.

ನುಂಗುವುದೆಂದರೆ ನಮ್ಮ ಕಡೆ ಗುಳಿಗೆಯನ್ನು. ಊಟವನ್ನಲ್ಲ. "ಸಾವಕಾಶ ಅಗದು ತಿನ್ನೋ, ಹೊಟ್ಟ್ಯಾಗೇನ್ ಹಲ್ಲ ಅದಾವೇನು?" ಎಂದು ಅವ್ವ ಗದರುತ್ತಿದ್ದಳು. ಕಡಕ್ ರೊಟ್ಟಿಯನ್ನು ಅಗಿಯದೆ ನುಂಗಿ ನೋಡಿ, ಗಂಟಲು ಕೀಸಿಹೋಗುತ್ತದೆ. ಸಣ್ಣವನಿದ್ದಾಗ ನನಗೊಂದು ಆಟವಿತ್ತು. ಏನೂ ಹಚ್ಚಿಕೊಳ್ಳದೆ ರೊಟ್ಟಿಯ ಒಂದು ಚೂರನ್ನು ಬಾಯಲ್ಲಿ ಇಟ್ಟುಕೊಂಡು ಸುಮ್ನೆ ಅಗಿಯುತ್ತಲೇ ಇರುವುದು. ಸ್ವಲ್ಪ ಹೊತ್ತಿಗೆ ಅದು ಸಿಹಿಯಾಗುತ್ತಿತ್ತು. ಮೇಷ್ಟರು ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವದ ಪಾಠ ಮಾಡಿದ ದಿನ ನನಗೆ ಗುಟ್ಟು ತಿಳಿಯಿತು. ಅದು ಹಿಟ್ಟಿನಲ್ಲಿರುವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದಂತೆ. ಅಂದರೆ ಜೀರ್ಣ ಆಗುವುದು ಬಾಯಲ್ಲೇ ಶುರು. ಮುದ್ದೆ ಉಣ್ಣುವವರು ಆ ಮೊದಲನೇ ಪಾಠವನ್ನೇ ಹಾರಿಸಿ ನೇರ ಎರಡನೆಯದಕ್ಕೆ ಹೋಗುತ್ತಾರಲ್ಲ, ಹೊಟ್ಟೆ ಸುಮ್ಮನಿರುತ್ತದೆಯೇ ಎಂಬ ಅನುಮಾನ ನನ್ನನ್ನು ಬಹಳ ವರ್ಷ ಕಾಡಿತು.

ಹೋದ ವರ್ಷ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಅಂಚಿಗೆ ಬಂದು ನಿಂತಿದೆ ಎಂದು ಗೊತ್ತಾದಾಗ ಆ ಅನುಮಾನ ಮತ್ತೆ ಎದ್ದಿತು. ಆಹಾರ ಸಲಹೆಗಾರ್ತಿಯೊಬ್ಬರು ಒಂದು ಹಾಳೆ ಕೊಟ್ಟರು. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಮುದ್ದೆ, ಸಂಜೆ ನಾಲ್ಕು ಬಾದಾಮಿ. ಕೆಳಗೆ ಕೆಂಪು ಅಕ್ಷರದಲ್ಲಿ, "ಪ್ರತಿ ತುತ್ತನ್ನೂ 32 ಸಲ ಅಗಿಯಿರಿ." ಮುದ್ದೆಯನ್ನೂನಾ ಎಂದು ಕೇಳಬೇಕೆನಿಸಿತು. ಹಿಂದೆ ಇನ್ನೂ ಐದು ಜನ ಕಾಯುತ್ತಿದ್ದರು, ಎದ್ದು ಬಂದೆ.

ಮನೆಯಲ್ಲಿ ಲೆಕ್ಕ ಹಾಕಿದೆ. ಒಂದು ಮುದ್ದೆಗೆ 12 ತುತ್ತು ಎಂದಿಟ್ಟುಕೊಳ್ಳಿ. 384 ಸಲ ಅಗಿಯಬೇಕು. ಅಷ್ಟರಲ್ಲಿ ಸಾರು ಆರಿ, ಮುದ್ದೆ ಬಿರಿದು, ಹೆಂಡತಿ ಪಾತ್ರೆ ತೊಳೆದಿಟ್ಟು ಬಂದಿರುತ್ತಾಳೆ. ಹಲ್ಲಿಗೊಂದು ಸಲದಂತೆ 32 ಎಂಬ ಈ ಲೆಕ್ಕವನ್ನು ಬ್ರಿಟನ್ನಿನ ಪ್ರಧಾನಿಯಾಗಿದ್ದ ಗ್ಲ್ಯಾಡ್‌ಸ್ಟನ್ ಹೇಳಿದ್ದು ಎನ್ನುತ್ತಾರೆ. ಹಾಗಾದರೆ ನನ್ನ ಹೆಂಡತಿಯ ಅಜ್ಜಿಗೆ ನಾಲ್ಕೇ ಸಲ ಸಾಕಿತ್ತು, ಏಕೆಂದರೆ ಇದ್ದದ್ದೇ ನಾಲ್ಕು ಹಲ್ಲು. ಆ ನಾಲ್ಕನ್ನೂ ಮುಟ್ಟಿಸದೆ ಅವರು ಕೊನೆಯವರೆಗೂ ಎರಡು ಹೊತ್ತು ಹಿಟ್ಟು ಉಂಡರು. ಆಮೇಲೆ ಅಮೆರಿಕದಲ್ಲಿ ಹೊರೇಸ್ ಫ್ಲೆಚರ್ ಎಂಬಾತ ಇನ್ನೂ ಮುಂದೆ ಹೋದ. ಬಾಯಲ್ಲಿ ಊಟ ನೀರಾಗುವ ತನಕ ಅಗಿಯಬೇಕು, ಹಾಲನ್ನೂ ಹಾಗೆ ಸುಮ್ಮನೆ ನುಂಗಬಾರದು ಎಂದು ಊರೂರಿಗೆ ಹೇಳಿಕೊಂಡು ತಿರುಗಿದ. 1900ರ ಆಸುಪಾಸಿನಲ್ಲಿ ಅವನ ಮಾತು ಕೇಳುವವರೂ ತುಂಬಾ ಇದ್ದರು. ಅವನನ್ನು ಮದ್ದೂರಿನ ಯಾವುದಾದರೂ ಮಿಲಿಟರಿ ಹೋಟೆಲಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ತಂದು ಕೂರಿಸಬೇಕಿತ್ತು. ಎಲೆ ಖಾಲಿಯಾಗಲೆಂದು ಬೆನ್ನ ಹಿಂದೆ ಕಾಯುತ್ತ ನಿಲ್ಲುವವರೇ ಅವನಿಗೆ ನುಂಗಲು ಕಲಿಸುತ್ತಿದ್ದರು.

ನನ್ನ ಅನುಮಾನ ಕೊನೆಗೂ ಬಗೆಹರಿದದ್ದು ಅತ್ತೆಯ ಅಡುಗೆಮನೆಯಲ್ಲಿ. ಹಬ್ಬಕ್ಕೆ ಹೋಗಿದ್ದೆ, ಮಾಡಲು ಕೆಲಸವಿಲ್ಲದೆ ಬಾಗಿಲಿಗೆ ಒರಗಿ ನೋಡುತ್ತ ನಿಂತಿದ್ದೆ.

ಎಸರಿಗೆ ಅತ್ತೆ ಮೊದಲು ಒಂದು ಹಿಡಿ ಹಿಟ್ಟನ್ನು ನೀರಲ್ಲಿ ಕದಡಿ ಹಾಕಿದರು, ಗಂಟು ಕಟ್ಟದಿರಲಿ ಅಂತ. ಅದು ತೆಳ್ಳಗೆ ಅಂಬಲಿಯ ಹಾಗೆ ಕುದಿಯತೊಡಗಿದಾಗ ಉಳಿದ ಹಿಟ್ಟನ್ನು ನಡುವಿಗೆ ಗುಡ್ಡೆಯಾಗಿ ಸುರಿದರು. ಕಲಕಲಿಲ್ಲ. ಕೋಲಿನಿಂದ ನಡುವೆ ಒಂದು ತೂತು ಮಾಡಿ ಉರಿ ತಗ್ಗಿಸಿದರು. ಹಿಟ್ಟಿನ ಗುಡ್ಡದ ಸುತ್ತ ಬಿಸಿನೀರು ಬುಳುಬುಳು ಉಕ್ಕಿತು. ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ತಿರುವಿದರು ನೋಡಿ! ಅರವತ್ತು ದಾಟಿದ ತೋಳು ಅವು. ಪಾತ್ರೆ ನೆಲಕ್ಕೆ ಉಜ್ಜಿ ಗರಗರ ಎನ್ನುತ್ತಿತ್ತು. ಆಮೇಲೆ ಒದ್ದೆ ಬೆರಳಲ್ಲಿ ಮುಟ್ಟಿ ನೋಡಿದರು. ಬೆರಳಿಗೆ ಅಂಟಲಿಲ್ಲ. "ಬೆಂದದೆ. ಹಸಿ ಉಳುದ್ರೆ ಹೊಟ್ಟೆನೋವು ಬತ್ತದೆ" ಎಂದು, ಮಣೆಯ ಮೇಲೆ ಹಾಕಿ ನೀರು ಚಿಮುಕಿಸಿ, ಒತ್ತಿ ಒತ್ತಿ ಉಂಡೆ ಕಟ್ಟಿದರು.

ಆಗ ಹೊಳೆಯಿತು. ಹಲ್ಲು ಮಾಡಬೇಕಾದ ಕೆಲಸವನ್ನೆಲ್ಲ ಇಲ್ಲಿ ಬೇರೆಯವರು ಮೊದಲೇ ಮಾಡಿ ಮುಗಿಸಿದ್ದಾರೆ. ಪುಡಿ ಮಾಡಿದ್ದು ಗಿರಣಿ. ಕಲಸಿ ನಾದಿದ್ದು ಅತ್ತೆಯ ತೋಳು. ಹಸಿ ಹಿಟ್ಟಿನ ಪಿಷ್ಟದ ಕಣ ಗಟ್ಟಿ, ಕಿಣ್ವಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಬಿಸಿನೀರಿನಲ್ಲಿ ಅದು ಉಬ್ಬಿ ಬಿರಿಯುತ್ತದೆ, ಕಿಣ್ವಕ್ಕೆ ಬಾಗಿಲು ತೆರೆಯುತ್ತದೆ. ಅತ್ತೆ ಬೆರಳು ಮುಟ್ಟಿಸಿ ನೋಡಿದ್ದು ಅದನ್ನೇ. ಗೋಧಿ ಹಿಟ್ಟಿಗೆ ಅಂಟು ಕೊಡುವ ಗ್ಲೂಟನ್ ಎಂಬ ಪ್ರೋಟೀನ್ ರಾಗಿಯಲ್ಲಿ ಇಲ್ಲ, ಮುದ್ದೆಯ ಅಂಟೆಲ್ಲ ಈ ಬೆಂದ ಪಿಷ್ಟದ್ದು. ಇನ್ನು ಜೊಲ್ಲು ಮಾಡುವ ಇನ್ನೊಂದು ಕೆಲಸ ತುತ್ತನ್ನು ಜಾರುವಂತೆ ಮಾಡುವುದು. ಅದಕ್ಕೆ ಸಾರು ಇದೆಯಲ್ಲ.

ಹಾಗಾದರೆ ಆ ಅಮೈಲೇಸ್? ಬಾಯಲ್ಲಿ ಅದಕ್ಕೆ ಸಿಗುವ ಸಮಯ ಅಷ್ಟರಲ್ಲೇ ಇದೆ. ಹೊಟ್ಟೆಗಿಳಿದು ಅಲ್ಲಿನ ಆಮ್ಲ ಬೆರೆತರೆ ಅದರ ಆಟ ಮುಗಿಯಿತು. ನಿಜವಾದ ದುಡಿಮೆ ಇರುವುದು ಕೆಳಗೆ, ಸಣ್ಣ ಕರುಳಿನಲ್ಲಿ. ಅಲ್ಲಿಗೆ ಮೇದೋಜೀರಕ ಗ್ರಂಥಿ ತನ್ನದೇ ಅಮೈಲೇಸ್ ಕಳಿಸುತ್ತದೆ. ಪಿಷ್ಟದ ಬಹುಪಾಲು ಒಡೆಯುವುದು ಅದರಿಂದಲೇ. ಸುಮಾರು 20 ಅಡಿ ಉದ್ದದ ಕರುಳು, ಅವಸರವಿಲ್ಲ. ಅವ್ವ ಹೇಳಿದ್ದು ಸುಳ್ಳಲ್ಲ, ಹೊಟ್ಟೆಯಲ್ಲಿ ಹಲ್ಲಿಲ್ಲ. ಕಡಲೆಕಾಯಿ, ಮಾಂಸ, ಹಸಿ ತರಕಾರಿ, ರೊಟ್ಟಿ ಇವನ್ನೆಲ್ಲ ಅಗಿದೇ ತಿನ್ನಬೇಕು. ಆದರೆ ಮುದ್ದೆಗೆ ಹಲ್ಲು ಅಡುಗೆಮನೆಯಲ್ಲೇ ಇದೆ.

ಮಗಳು ಕೂಸಾಗಿದ್ದಾಗ ಅತ್ತೆ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿ ಡಬ್ಬಿ ತುಂಬಿ ಕಳಿಸುತ್ತಿದ್ದರು. ಇಷ್ಟೊಂದು ಕಷ್ಟ ಯಾಕೆ, ಅಂಗಡಿಯ ಹಿಟ್ಟನ್ನೇ ಬೇಯಿಸಿದರಾಗದೇ ಎಂದುಕೊಳ್ಳುತ್ತಿದ್ದೆ. ಆಗುತ್ತದೆ, ಆದರೆ ಅಷ್ಟು ಸಲೀಸಲ್ಲ. ಎಳೆಯ ಮಗುವಿನ ಮೇದೋಜೀರಕಕ್ಕೆ ಇನ್ನೂ ಸಾಕಷ್ಟು ಅಮೈಲೇಸ್ ಮಾಡಲು ಬರುವುದಿಲ್ಲ. ಮೊಳೆಯುವ ಕಾಳು ತನ್ನ ಸಸಿಗಾಗಿ ತಾನೇ ಅಮೈಲೇಸ್ ಮಾಡಿಕೊಂಡು, ತನ್ನ ಪಿಷ್ಟವನ್ನು ತಾನೇ ಒಡೆಯತೊಡಗುತ್ತದೆ. ಅದಕ್ಕೇ ಮೊಳಕೆ ರಾಗಿಯ ಸರಿ, ಅಂದರೆ ಕೂಸಿನ ಗಂಜಿ, ತೆಳ್ಳಗೆ, ಸಣ್ಣಗೆ ಸಿಹಿ. ರಾಗಿಯಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, 100 ಗ್ರಾಮಿಗೆ 350 ಮಿಲಿಗ್ರಾಮಿನ ಆಸುಪಾಸು, ಹಸುವಿನ ಹಾಲಿಗಿಂತ ಎರಡೂವರೆ ಮೂರು ಪಟ್ಟು ಜಾಸ್ತಿ. ಆದರೆ ಫೈಟೇಟ್ ಎಂಬ ಪದಾರ್ಥ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ, ಮೈಗೆ ಪೂರ್ತಿ ಬಿಟ್ಟುಕೊಡುವುದಿಲ್ಲ. ಮೊಳಕೆ ಬಂದರೆ ಆ ಹಿಡಿತವೂ ಸಡಿಲ. ಅತ್ತೆಗೆ ಈ ಹೆಸರುಗಳು ಯಾವುವೂ ಗೊತ್ತಿಲ್ಲ. "ಮಗೀಗೆ ಸಲೀಸಾಗಿ ಅರಗ್ತದೆ" ಅನ್ನುತ್ತಿದ್ದರು, ಅಷ್ಟೇ.

ಇನ್ನೊಂದು ಮಾತು. ಭತ್ತಕ್ಕೆ ಪಾಲಿಶ್ ಮಾಡಿ ಬೆಳ್ಳಗಾಗಿಸಿದ್ದರಿಂದ ತವುಡಿನ ಜೊತೆ ಬಿ1 ಜೀವಸತ್ವವೂ ಹೋಯಿತು, ಬೆಳ್ಳನೆ ಅನ್ನವನ್ನೇ ನೆಚ್ಚಿದವರಿಗೆ ನರಗಳನ್ನು ಸೋಲಿಸುವ ಬೆರಿಬೆರಿ ಎಂಬ ರೋಗ ಬಂತು. ಈಗ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಶುರುವಾದದ್ದೇ ಬೆರಿಬೆರಿಯ ಕಾರಣ ಹುಡುಕಲು. ರಾಗಿ ಆ ಗಂಡಾಂತರದಿಂದ ಪಾರಾದದ್ದು ಅದರ ಗಾತ್ರದಿಂದ. ಸಾಸಿವೆಯಷ್ಟು ಕಾಳಿನ ಸಿಪ್ಪೆ ಸುಲಿಯುವವರು ಯಾರು? ಇಡಿಯಾಗಿ ಬೀಸಿದರು, ನಾರು ಒಳಗೇ ಉಳಿಯಿತು.

ಇಷ್ಟೆಲ್ಲ ಹೇಳಿ ಮುದ್ದೆ ಅಂದರೆ ಔಷಧಿ ಅನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. "ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ" ಎಂಬ ಗಾದೆಯಲ್ಲಿ ನಾವು ಮೊದಲನೇ ಅರ್ಧವನ್ನು ಮಾತ್ರ ಪಾಲಿಸುತ್ತಿದ್ದೇವೆ. ಮಾವ ಬೆಳಿಗ್ಗೆ ಆರಕ್ಕೆ ಗದ್ದೆಗಿಳಿದು, ಹತ್ತಕ್ಕೆ ಬಂದು ಎರಡು ಮುದ್ದೆ ಉಂಡು ಮತ್ತೆ ಗದ್ದೆಗೆ ಹೋಗುತ್ತಿದ್ದರು. ನಾನು ಅದೇ ಗಾತ್ರದ ಎರಡು ಮುದ್ದೆ ಉಂಡು ಕಂಪ್ಯೂಟರ್ ಮುಂದೆ ಕೂರುತ್ತೇನೆ. ರಾಗಿಯಲ್ಲೂ ಬಹುಪಾಲು ಪಿಷ್ಟವೇ, ಕೊನೆಗೆ ಅದೂ ಸಕ್ಕರೆಯೇ ಆಗಬೇಕು. ಬೆಟ್ಟ ಕೀಳದಿದ್ದರೆ ಬೆಟ್ಟ ಸೊಂಟದ ಸುತ್ತ ಬೆಳೆಯುತ್ತದೆ.

ನುಂಗುವ ಊಟದಲ್ಲಿ ಇನ್ನೊಂದು ತೊಡಕೂ ಇದೆ. ಹೊಟ್ಟೆ ತುಂಬಿತು ಎಂಬ ಸುದ್ದಿ ಮಿದುಳಿಗೆ ಚೆನ್ನಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಒಂದು ಮುದ್ದೆ ಇಳಿಯಲು ಐದು ನಿಮಿಷ ಸಾಕು. ಸುದ್ದಿ ಇನ್ನೂ ದಾರಿಯಲ್ಲಿರುವಾಗಲೇ ಅತ್ತೆ ಎರಡನೆಯದನ್ನು ತಟ್ಟೆಗೆ ಬಿಟ್ಟಿರುತ್ತಾರೆ. ಬೇಡ ಎಂದು ಕೈ ಅಡ್ಡ ಹಿಡಿದರೆ ಬಿಸಿ ಮುದ್ದೆ ಕೈಮೇಲೇ ಬೀಳುತ್ತದೆ, ಅನುಭವದ ಮಾತು. ಹಾಗಾಗಿ ಈಗ ನಾನು ಮೊದಲೇ ಅಡುಗೆಮನೆಗೆ ಹೋಗಿ, ಕಿತ್ತಳೆಹಣ್ಣಿನ ಗಾತ್ರ ತೋರಿಸಿ, "ಇಷ್ಟು, ಒಂದೇ" ಎಂದು ಹೇಳಿಬರುತ್ತೇನೆ. ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ ಹಣ್ಣು ಇರಲಿ ಎಂದು ಆ ಹೈದರಾಬಾದಿನ ಸಂಸ್ಥೆಯವರೂ ಹೇಳುತ್ತಾರೆ. ಬಸ್ಸಾರಿನ ಸೊಪ್ಪನ್ನು ಎರಡು ಸಲ ಹಾಕಿಸಿಕೊಂಡರೆ ಅದೂ ಆದ ಹಾಗೆಯೇ. ಮೇಲೆ ಒಂಚೂರು ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣವನ್ನು ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟವಾದ ಕೂಡಲೇ ಟೀ ಕುಡಿದರೆ ಅದಕ್ಕೆ ಅಡ್ಡಿ. ಅದನ್ನು ಮಾವನಿಗೆ ಹೇಳಿದೆ. ಅವರು ಟೀ ಲೋಟ ಕೆಳಗಿಡದೆಯೇ ಕೇಳಿಸಿಕೊಂಡರು.

ಸಲಹೆಗಾರ್ತಿಯವರ ಹಾಳೆ ಫ್ರಿಜ್ಜಿನ ಬಾಗಿಲ ಮೇಲಿದೆ. ಓಟ್ಸ್ ಹತ್ತಿರ ಹೆಂಡತಿ ಪೆನ್ನಿನಲ್ಲಿ "ಅಂಬಲಿ" ಎಂದು ತಿದ್ದಿದ್ದಾಳೆ. ನುಂಗುವುದನ್ನು ನಾನು ಕಲಿತಿದ್ದೇನೆ, ಈಗ ಯಾರೂ ನಗುವುದಿಲ್ಲ. ಆದರೆ ಧಾರವಾಡದ ದವಡೆ ಪೂರ್ತಿ ಸುಮ್ಮನಾಗಿಲ್ಲ. ತಟ್ಟೆಯಲ್ಲಿ ಕೊನೆಯ ತುತ್ತು ಉಳಿದಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸಾರಿಗೆ ಅದ್ದದೆ ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿಯುತ್ತೇನೆ. ಹಲ್ಲಿಗೆ ಅಂಟುತ್ತದೆ. ಅಂಟಲಿ. ಇನ್ನೇನು ಸಿಹಿ ಬಂತು ಅನ್ನುವಷ್ಟರಲ್ಲಿ ಮಗಳ ದನಿ ಕೇಳುತ್ತದೆ.

"ಅಮ್ಮಾ, ಅಪ್ಪ ಮತ್ತೆ ಅಗೀತಾ ಇದಾರೆ!"